ಓದುಗರ ಪ್ರಶ್ನೆ, ಅರಿವಳಿಕೆ ತಜ್ಞರ ಉತ್ತರ: ಶಸ್ತ್ರಚಿಕಿತ್ಸೆಯ ನಡುವೆ ಎಚ್ಚರವಾದರೆ?

ಶಸ್ತ್ರಚಿಕಿತ್ಸೆಗೆ ಮುನ್ನ ಹೊಟ್ಟೆ ಖಾಲಿ ಇರಬೇಕೇಕೆ ಎಂಬ ಪ್ರಶ್ನೆಗೆ ಹಿಂದೊಮ್ಮೆ ಉತ್ತರ ಬರೆದಿದ್ದೆ. ಆ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಟ್ಟೆಯ ವಿಷಯವನ್ನು ಅಲ್ಲಿಗೇ ಬಿಟ್ಟು, ಅರಿವಳಿಕೆ ಕೊಟ್ಟ ಮೇಲೂ ನಡುವೆ ಎಚ್ಚರವಾದರೆ ಗತಿಯೇನು ಎಂದು ಕೇಳಿವೆ. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ದೀರ್ಘವಾಯಿತು; ಆ ಪತ್ರಕ್ಕೆ ಅದು ಸಲ್ಲಬೇಕಾದದ್ದೇ.

ಪ್ರಶ್ನೆ: ಎರಡು ವರ್ಷಗಳ ಹಿಂದೆ ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಗಾಗಿ ನನಗೆ ಪೂರ್ಣ ಅರಿವಳಿಕೆ ಕೊಟ್ಟಿದ್ದರು. ನಿದ್ದೆ ಹತ್ತಿದ ಮೇಲೆ ಯಾವುದೋ ಹೊತ್ತಿನಲ್ಲಿ ಮಾತುಗಳು ಕೇಳಿಸತೊಡಗಿದವು. ಯಾರೋ "ಇದು ಹೋಗುತ್ತಿಲ್ಲ, ಇನ್ನೊಂದು ಸೈಜ್ ಸಣ್ಣದು ಕೊಡಿ" ಎಂದರು. ಗಂಟಲಿನೊಳಗೆ ಏನನ್ನೋ ತುರುಕಿದಂತಾಯಿತು. ಕಣ್ಣು ತೆರೆಯಲು, ಬೆರಳು ಅಲುಗಿಸಲು ಎಷ್ಟು ಯತ್ನಿಸಿದರೂ ಆಗಲಿಲ್ಲ, ಸತ್ತೇಹೋದೆನೆಂದುಕೊಂಡೆ. ನೋವಾದ ನೆನಪಿಲ್ಲ. ಮರುದಿನ ಹೇಳಿದಾಗ ಕನಸು ಬಿದ್ದಿರಬೇಕು ಎಂದು ನಕ್ಕುಬಿಟ್ಟರು. ಮನೆಯವರೂ ಹಾಗೆಯೇ ಹೇಳುತ್ತಾರೆ. ಈಗಲೂ ಅಂಗಾತ ಮಲಗಿದರೆ ಎದೆ ಹೊಡೆದುಕೊಳ್ಳುತ್ತದೆ. ಇದು ನನ್ನ ಭ್ರಮೆಯೇ?

ಉತ್ತರ: ಒಂದು ಪತ್ರ ಓದಿ ತೀರ್ಪು ಕೊಡುವುದು ಸಲ್ಲದು. ಆದರೂ ನೀವು ಬರೆದಿರುವುದನ್ನು ಕನಸೆಂದು ತಳ್ಳಿಹಾಕಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಅದಕ್ಕೆ ಬದಲಾಗಿ, ನಿಮ್ಮ ಪತ್ರದ ಆ ಒಂದು ವಾಕ್ಯ, "ಇನ್ನೊಂದು ಸೈಜ್ ಸಣ್ಣದು ಕೊಡಿ" ಎಂಬುದು, ಈ ಕೆಲಸ ಮಾಡುವ ಯಾರಿಗಾದರೂ ತಕ್ಷಣ ಗುರುತು ಸಿಗುವಂಥದ್ದು. ಉಸಿರಿನ ನಾಳಕ್ಕೆ ಕೊಳವೆ ಇಳಿಸುವಾಗ ಅದು ಸಲೀಸಾಗಿ ಹೋಗದಿದ್ದರೆ ನಾವು ಆಡುವ ಮಾತು ಅದು. ಅರಿವಳಿಕೆಯ ಒಳಗುಟ್ಟು ತಿಳಿಯದವರ ಕನಸಿನಲ್ಲಿ ಇಷ್ಟು ಖಚಿತವಾದ ಮಾತು, ಗಂಟಲಿನ ಅನುಭವದ ಜೊತೆಜೊತೆಗೆ, ತಾನಾಗಿ ಹುಟ್ಟುವುದು ಅಪರೂಪ.

ಆ ನಿಮಿಷಗಳಲ್ಲಿ ಏನು ನಡೆಯುತ್ತದೆಂದು ಹತ್ತಿರದಿಂದ ನೋಡೋಣ. ಮೊದಲು ಕೈಯ ರಕ್ತನಾಳದ ಮೂಲಕ ನಿದ್ದೆಯ ಔಷಧ ಹೋಗುತ್ತದೆ. ಸಾಮಾನ್ಯವಾಗಿ ಅದು ಹಾಲಿನಂತೆ ಬೆಳ್ಳಗಿರುವ ಪ್ರೊಪೋಫಾಲ್. ಅರ್ಧ ನಿಮಿಷದಲ್ಲಿ ರೆಪ್ಪೆ ಮುಟ್ಟಿದರೂ ಅಲುಗುವುದಿಲ್ಲ. ಬಳಿಕ ಸ್ನಾಯುಗಳನ್ನು ಸಡಿಲಿಸುವ ಔಷಧ ಹೋಗುತ್ತದೆ. ಅದು ಕೆಲಸ ಹಿಡಿದ ಮೇಲೆ ಬಾಯಿ ತೆರೆದು, ಧ್ವನಿಪೆಟ್ಟಿಗೆಯ ನಡುವಿನಿಂದ ಕೊಳವೆಯನ್ನು ಇಳಿಸಿ, ನಿದ್ದೆ ಮುಂದುವರಿಸುವ ಅನಿಲವನ್ನು ಅದರ ಮೂಲಕ ಹರಿಸುತ್ತೇವೆ. ಎಲ್ಲವೂ ಸುಸೂತ್ರವಾಗಿದ್ದರೆ ಇದು ಮೂರು ನಾಲ್ಕು ನಿಮಿಷಗಳ ಕೆಲಸ. ತೊಡಕು ಇರುವುದು ಸಮಯದಲ್ಲಿ. ಪ್ರೊಪೋಫಾಲಿನ ಒಂದು ಪ್ರಮಾಣ ಹಿಡಿದಿಡುವುದು ಕೆಲವೇ ನಿಮಿಷ. ಸ್ನಾಯು ಸಡಿಲಿಕೆಯ ಔಷಧವಾದರೋ ಅನೇಕ ವೇಳೆ ಅರ್ಧ ಗಂಟೆಗೂ ಮೀರಿ ನಿಲ್ಲುತ್ತದೆ. ಕೊಳವೆ ಇಳಿಯಲು ತಡವಾದರೆ, ಎಲ್ಲರ ಕಣ್ಣೂ ಗಂಟಲಿನ ಮೇಲೆಯೇ ನೆಟ್ಟಿರುವ ಆ ಗಡಿಬಿಡಿಯಲ್ಲಿ ನಿದ್ದೆಯ ಔಷಧವನ್ನು ಮತ್ತೊಮ್ಮೆ ಕೊಡುವುದು ಮರೆತುಹೋದರೆ, ನಿದ್ದೆ ತಿಳಿಯಾಗುತ್ತದೆ, ದೇಹ ಮಾತ್ರ ಕಲ್ಲಿನಂತೆ ಬಿದ್ದಿರುತ್ತದೆ. ಮೇಲಿನಿಂದ ನೋಡುವವರಿಗೆ ರೋಗಿ ಶಾಂತವಾಗಿ ಮಲಗಿದಂತೆಯೇ ಕಾಣುತ್ತದೆ.

ಅಲುಗಾಡದಿರುವುದು ಬೇರೆ, ಅರಿವಿಲ್ಲದಿರುವುದು ಬೇರೆ. ಈಥರ್ ಎಂಬ ಅರಿವಳಿಕೆಯ ಆವಿಯೊಂದನ್ನೇ ಬಳಸುತ್ತಿದ್ದ ಕಾಲದಲ್ಲಿ ಈ ಎರಡನ್ನೂ ಬೇರ್ಪಡಿಸಿ ಯೋಚಿಸುವ ಅಗತ್ಯವೇ ಇರಲಿಲ್ಲ, ಏಕೆಂದರೆ ಅರಿವಳಿಕೆ ಸಾಲದೆ ಹೋದರೆ ರೋಗಿ ಕೊಸರಾಡುತ್ತಿದ್ದ, ವೈದ್ಯರಿಗೆ ತಿಳಿಯುತ್ತಿತ್ತು. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅವರು ಸ್ನಾಯುಗಳನ್ನು ಸಡಿಲಿಸುವ ಕ್ಯುರಾರೆ ಎಂಬ ಬಾಣದ ವಿಷದ ಸಾರವನ್ನು ಅರಿವಳಿಕೆಯ ಜೊತೆ ಬಳಸಿದ ಮೇಲೆ ಚಿತ್ರ ಬದಲಾಯಿತು. ಶಸ್ತ್ರವೈದ್ಯರಿಗೆ ಸಡಿಲವಾದ ಹೊಟ್ಟೆ ಸಿಕ್ಕಿತು, ರೋಗಿಗೆ ಕಡಿಮೆ ಅನಿಲ ಸಾಕಾಯಿತು; ಆದರೆ ಕೊಸರಾಟವೆಂಬ ಎಚ್ಚರಿಕೆಯ ಗಂಟೆ ಕಳಚಿಹೋಯಿತು. ಈ ಔಷಧವೇ ನಿದ್ದೆಯನ್ನೂ ತರುತ್ತದೆಂಬ ಭ್ರಮೆ ಆಗ ಕೆಲವು ವೈದ್ಯರಿಗೂ ಇತ್ತು. ಅದನ್ನು ಒಡೆಯಲು 1947ರಲ್ಲಿ ಸ್ಕಾಟ್ ಸ್ಮಿತ್ ಎಂಬ ವೈದ್ಯರು ನಿದ್ದೆಯ ಔಷಧವಿಲ್ಲದೆ ಆ ಸಾರವನ್ನು ತಮಗೇ ಕೊಡಿಸಿಕೊಂಡರು. ಉಸಿರಾಡಲೂ ಆಗದ ಸ್ಥಿತಿಯಲ್ಲಿ, ಇತರರು ಉಸಿರು ಒದಗಿಸುತ್ತಿರುವಾಗ, ಅವರು ಪೂರ್ತಿ ಎಚ್ಚರದಲ್ಲಿದ್ದರು. ಸುತ್ತ ನಡೆದುದನ್ನೆಲ್ಲ ಆಮೇಲೆ ಹೇಳಿದರು. ನೀವು ಅನುಭವಿಸಿದ್ದನ್ನು ಅವರು ತಿಳಿದೂ ತಿಳಿದೂ ಅನುಭವಿಸಿದರು ಎನ್ನಬಹುದು. ಅವರಿಗೆ ಏನಾಗುತ್ತಿದೆಯೆಂದು ಮೊದಲೇ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ.

ಈ ವ್ಯತ್ಯಾಸ ಸಣ್ಣದಲ್ಲ. ಬ್ರಿಟನ್ ಮತ್ತು ಐರ್ಲೆಂಡಿನ ಅರಿವಳಿಕೆ ತಜ್ಞರು ದೇಶವ್ಯಾಪಿಯಾಗಿ ಇಂಥ ಪ್ರಕರಣಗಳನ್ನು ಕಲೆಹಾಕಿ 2014ರಲ್ಲಿ ಪ್ರಕಟಿಸಿದ ದೊಡ್ಡ ವರದಿಯಲ್ಲಿ, ರೋಗಿಗಳನ್ನು ದೀರ್ಘಕಾಲ ಕಾಡಿದ್ದು ನೋವಿಗಿಂತ ಹೆಚ್ಚಾಗಿ ಅಲುಗಾಡಲಾಗದ ಆ ಸ್ಥಿತಿ ಎಂಬುದು ಎದ್ದು ಕಂಡಿತು. ಹೆಚ್ಚಿನ ಅನುಭವಗಳು ಐದು ನಿಮಿಷಕ್ಕಿಂತ ಕಡಿಮೆ ಕಾಲದವು. ಆದರೂ ಹತ್ತರಲ್ಲಿ ನಾಲ್ಕು ಮಂದಿಗೆ ಅದರ ನೆರಳು ಬಹುಕಾಲ ಬಿಡಲಿಲ್ಲ. ತನಗೇನಾಗುತ್ತಿದೆ ಎಂದು ಊಹಿಸಿಕೊಳ್ಳಬಲ್ಲವರಿಗೆ ಮತ್ತು ಆ ಹೊತ್ತಿನಲ್ಲೇ ಯಾರಾದರೂ ಕಿವಿಯಲ್ಲಿ ಧೈರ್ಯ ಹೇಳಿದವರಿಗೆ ಹಾನಿ ಕಡಿಮೆಯಾಗಿತ್ತು. ಅದೇ ವರದಿಯಲ್ಲಿ, ತನಗಾದುದನ್ನು 62 ವರ್ಷಗಳ ನಂತರ ಮೊದಲ ಬಾರಿಗೆ ಹೇಳಿಕೊಂಡ ವ್ಯಕ್ತಿಯ ಪ್ರಸ್ತಾಪವೂ ಇದೆ. ಅಷ್ಟು ಕಾಲ ಅವರು ಬಾಯಿ ಬಿಡಲಿಲ್ಲವೆಂದರೆ, ಬಾಯಿ ಬಿಟ್ಟರೆ ನಂಬುವವರು ಯಾರು ಎಂಬ ಅಳುಕೂ ಅದರಲ್ಲಿ ಇದ್ದಿರಬೇಕೆಂದು ನಾನು ಎಣಿಸುತ್ತೇನೆ. ಆದ್ದರಿಂದಲೇ ನಿಮ್ಮ ಮಾತಿಗೆ ನಕ್ಕವರ ಬಗ್ಗೆ ನನಗೆ ಬೇಸರವಿದೆ. ಔಷಧ ಸಾಲದೆ ಹೋದದ್ದು ಕೈಮೀರಿದ ಸಂದರ್ಭದಲ್ಲಿ ಆಗಿದ್ದಿರಬಹುದು, ನಗು ಹಾಗಲ್ಲ.

ಈಗ ಮಾಡಬಹುದಾದ ಕೆಲಸಗಳಿವೆ. ಆ ಆಸ್ಪತ್ರೆಗೆ ಬರೆದು ನಿಮ್ಮ ಅರಿವಳಿಕೆಯ ದಾಖಲೆಯ ಪ್ರತಿ ಕೇಳಿ. ಯಾವ ಔಷಧ ಯಾವ ಹೊತ್ತಿಗೆ ಹೋಯಿತು, ಕೊಳವೆ ಇಳಿಸಲು ಎಷ್ಟು ಯತ್ನ ಬೇಕಾಯಿತು, ಎಷ್ಟನೆಯ ಸೈಜಿನದು ಇಳಿಯಿತು ಎಂಬುದು ಅದರಲ್ಲಿ ಇರಬೇಕು. ಅಂದಿನ ಅರಿವಳಿಕೆ ತಜ್ಞರನ್ನು, ಅವರೊಡನೆ ಮತ್ತೊಬ್ಬ ಹಿರಿಯರನ್ನು, ಎದುರು ಕುಳಿತು ಮಾತನಾಡಲು ಕೇಳಿಕೊಳ್ಳಿ. ದಾಖಲೆಯೊಡನೆ ನಿಮ್ಮ ನೆನಪು ತಾಳೆಯಾದರೆ ಆ ಒಂದು ಒಪ್ಪಿಗೆಯೇ ಎಷ್ಟೋ ಜನರಿಗೆ ಚಿಕಿತ್ಸೆಯ ಆರಂಭವಾಗಿದೆ. ಅಂಗಾತ ಮಲಗಿದಾಗಿನ ಎದೆಬಡಿತ ಆಘಾತದ ನಂತರ ಉಳಿಯುವ ಒತ್ತಡದ ಲಕ್ಷಣವಿರಬಹುದು. ಅದಕ್ಕೆ ನಿರ್ದಿಷ್ಟವಾದ ಮನೋಚಿಕಿತ್ಸೆಯಿದೆ, ಎರಡು ವರ್ಷ ಕಳೆದಿದ್ದರೂ ಫಲ ಕೊಡುತ್ತದೆ. ಮನೋವೈದ್ಯರನ್ನು ಕಂಡಾಗ ಈ ಸಂಗತಿಯನ್ನೇ ಮೊದಲು ಹೇಳಿ, "ನಿದ್ದೆ ಬರುವುದಿಲ್ಲ" ಎಂಬಷ್ಟಕ್ಕೆ ನಿಲ್ಲಿಸಬೇಡಿ. ಮುಂದೆ ಎಂದಾದರೂ ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂದರೆ ಅಲ್ಲಿನ ಅರಿವಳಿಕೆ ತಜ್ಞರಿಗೆ ಇದು ಅತ್ಯಗತ್ಯವಾಗಿ ತಿಳಿದಿರಬೇಕು.

ಪ್ರಶ್ನೆ: ಸಾವಿರಕ್ಕೊಬ್ಬರಿಗೆ ಹೀಗಾಗುತ್ತದೆ ಎಂದು ಒಂದು ಕಡೆ ಓದಿದೆ, ಹತ್ತೊಂಬತ್ತು ಸಾವಿರಕ್ಕೊಬ್ಬರಿಗೆ ಎಂದು ಇನ್ನೊಂದು ಕಡೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ, ಅವು ಹುಟ್ಟಿದ ರೀತಿಯನ್ನು ತಿಳಿದುಕೊಂಡು. ಮೇಲೆ ಹೇಳಿದ 2014ರ ವರದಿ, ವರ್ಷಕ್ಕೆ ಸುಮಾರು 28 ಲಕ್ಷ ಪೂರ್ಣ ಅರಿವಳಿಕೆಗಳು ನಡೆಯುವಲ್ಲಿ, ರೋಗಿಗಳು ತಾವಾಗಿ ಬಂದು ಹೇಳಿದವುಗಳನ್ನು ಮಾತ್ರ ಎಣಿಸಿತು; ಆ ಲೆಕ್ಕದಲ್ಲಿ ಸುಮಾರು 19,000ಕ್ಕೆ ಒಂದು. ಸ್ನಾಯು ಸಡಿಲಿಕೆಯ ಔಷಧ ಬಳಸಿದವರನ್ನೇ ಪ್ರತ್ಯೇಕಿಸಿದರೆ ಸುಮಾರು 8,000ಕ್ಕೆ ಒಂದು. ಬಳಸದವರಲ್ಲಿ ಒಂದು ಲಕ್ಷಕ್ಕೆ ಒಂದೂ ಇಲ್ಲ. ಇನ್ನೊಂದು ದಾರಿಯೆಂದರೆ, ಪ್ರತಿ ರೋಗಿಯ ಹಾಸಿಗೆಯ ಬಳಿ ಹೋಗಿ ಕೇಳುವುದು. 1970ರಲ್ಲಿ ಬ್ರೈಸ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಬಳಸಿದ ಪ್ರಶ್ನೆಗಳು ಇಂದಿಗೂ ಚಾಲ್ತಿಯಲ್ಲಿವೆ: ನಿದ್ದೆ ಹೋಗುವ ಮುನ್ನ ನೆನಪಿರುವ ಕೊನೆಯ ಸಂಗತಿ ಯಾವುದು, ಎದ್ದ ಮೇಲಿನ ಮೊದಲನೆಯದು ಯಾವುದು, ಅವೆರಡರ ನಡುವೆ ಏನಾದರೂ ನೆನಪಿದೆಯೇ, ಕನಸು ಬಿತ್ತೇ. ಹೀಗೆ ಕೇಳಿದಾಗ ಸಾವಿರಕ್ಕೆ ಒಂದೆರಡು ಸಿಗುತ್ತವೆ. ಸ್ವೀಡನ್ನಿನಲ್ಲಿ 11,785 ರೋಗಿಗಳನ್ನು ಮೂರು ಬೇರೆ ಬೇರೆ ದಿನ ವಿಚಾರಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಡಿಲಿಕೆಯ ಔಷಧ ಪಡೆದವರಲ್ಲಿ ಶೇಕಡ 0.18, ಪಡೆಯದವರಲ್ಲಿ ಶೇಕಡ 0.10 ಎಂದು ಕಂಡುಬಂತು. ಮೊದಲ ಸಲ "ಏನೂ ಇಲ್ಲ" ಎಂದ ಕೆಲವರು ಮುಂದಿನ ಭೇಟಿಯಲ್ಲಿ ಹೇಳಿದರು.

ಹಾಗಾಗಿ ಈ ಅಂತರದ ಬಹುಭಾಗ ನಾವು ಕೇಳುವುದರಲ್ಲಿ ಇದೆ, ಕೇಳದಿರುವುದರಲ್ಲೂ ಇದೆ. ಒಂದು ಎಚ್ಚರಿಕೆಯ ಮಾತು: ಕೇಳಿದಾಗ ಸಿಗುವ ಎಲ್ಲವೂ ಭಯಾನಕ ಅನುಭವಗಳಲ್ಲ. ಒಂದು ಮಾತು ಕೇಳಿಸಿತು, ಯಾರೋ ಮುಟ್ಟಿದಂತಾಯಿತು, ಅಷ್ಟೇ ಎಂದು ನಿರಾಳವಾಗಿ ಹೇಳುವವರೂ ಅದರಲ್ಲಿ ಸೇರಿದ್ದಾರೆ. ನಡುಘಟ್ಟದಲ್ಲಿ, ಅಂದರೆ ಕತ್ತರಿ ಚಾಕು ಆಡುತ್ತಿರುವಾಗಲೇ, ಎಚ್ಚರವಾಗುವುದು ಜನ ಊಹಿಸುವುದಕ್ಕಿಂತ ಕಡಿಮೆ. ಮೂರರಲ್ಲಿ ಎರಡು ಪಾಲು ಪ್ರಕರಣಗಳು ನಿದ್ದೆ ಹತ್ತುವ ಅಥವಾ ಎಬ್ಬಿಸುವ ಹೊತ್ತಿನವು. ಎಬ್ಬಿಸುವಾಗ ಆಗುವುದಕ್ಕೆ ಮುಖ್ಯ ಕಾರಣ, ಸಡಿಲಿಕೆಯ ಔಷಧದ ಪ್ರಭಾವ ಪೂರ್ತಿ ಇಳಿಯುವ ಮುನ್ನವೇ ಅನಿಲವನ್ನು ನಿಲ್ಲಿಸಿಬಿಡುವುದು. ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಹೆಬ್ಬೆರಳು ನಾಲ್ಕು ಬಾರಿಯೂ ಒಂದೇ ಬಲದಿಂದ ಮಿಡಿಯುತ್ತದೆಯೇ ಎಂದು ನೋಡುವ ಪುಟ್ಟ ಸಾಧನವಿದೆ. ಅದನ್ನು ಬಳಸಿದರೆ ಈ ತಪ್ಪನ್ನು ಬಹುಮಟ್ಟಿಗೆ ತಪ್ಪಿಸಬಹುದು. ಇಷ್ಟು ಸರಳವಾದದ್ದನ್ನು ಇನ್ನೂ ಎಲ್ಲರೂ ಬಳಸದಿರುವುದು ನಮ್ಮ ವೃತ್ತಿಗೆ ಶೋಭೆಯಲ್ಲ.

ಪ್ರಶ್ನೆ: ಹೆರಿಗೆಗೆ ಸಿಸೇರಿಯನ್ ಮಾಡುವಾಗ ಬೆನ್ನಿಗೆ ಚುಚ್ಚುಮದ್ದು ಕೊಟ್ಟಿದ್ದರು. ವೈದ್ಯರ ಮಾತು, ಮಗುವಿನ ಅಳು ಎಲ್ಲವೂ ನನಗೆ ಕೇಳಿಸಿತು. ನನಗೂ ಅರಿವಳಿಕೆ ಸಾಲದೆ ಹೋಗಿತ್ತೇ?

ಉತ್ತರ: ಇಲ್ಲ. ಬೆನ್ನಿನ ಚುಚ್ಚುಮದ್ದು ಸೊಂಟದಿಂದ ಕೆಳಗಿನ ನೋವನ್ನಷ್ಟೇ ಅಳಿಸುತ್ತದೆ. ನೀವು ಎಚ್ಚರವಾಗಿರುವುದೇ ಅದರ ಉದ್ದೇಶ. ಎಂಡೋಸ್ಕೋಪಿಯಂಥ ಪರೀಕ್ಷೆಗಳಿಗೆ ಕೊಡುವ ಮಂಪರಿನ ಔಷಧದ ಮಾತೂ ಇದೇ. ಅಲ್ಲಿ ಪೂರ್ತಿ ನಿದ್ದೆಯ ಭರವಸೆ ಇರುವುದಿಲ್ಲ, ಆದರೆ ಅದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ರೋಗಿಗೆ ಮೋಸಹೋದಂತೆ ಅನಿಸುವುದು ಸಹಜ, ಅಂಥ ದೂರುಗಳು ಕಡಿಮೆಯೇನೂ ಇಲ್ಲ. ಇನ್ನು, ತುರ್ತಿನಲ್ಲಿ ಸಿಸೇರಿಯನ್ನಿಗೆ ಪೂರ್ಣ ಅರಿವಳಿಕೆ ಕೊಡಬೇಕಾಗಿ ಬಂದಾಗ ನಡುವೆ ಎಚ್ಚರವಾಗುವ ಸಂಭವ ಉಳಿದ ಶಸ್ತ್ರಚಿಕಿತ್ಸೆಗಳಿಗಿಂತ ಬಹಳ ಹೆಚ್ಚು. ಬ್ರಿಟನ್ನಿನ ವರದಿಯಲ್ಲಿ ಸುಮಾರು 670ಕ್ಕೆ ಒಂದು. ನಿದ್ದೆಯ ಔಷಧ ಕೊಟ್ಟ ಒಂದೆರಡು ನಿಮಿಷದಲ್ಲೇ ಶಸ್ತ್ರ ಹಾಕಬೇಕಾಗುತ್ತದೆ, ಅನಿಲ ಮೆದುಳಿನಲ್ಲಿ ತುಂಬಿಕೊಳ್ಳಲು ಅವಕಾಶವಿರುವುದಿಲ್ಲ, ಮಗುವಿನ ಮೇಲಿನ ಕಾಳಜಿಯಿಂದ ಪ್ರಮಾಣವನ್ನು ಬಿಗಿಹಿಡಿಯುವ ಹಳೆಯ ಅಭ್ಯಾಸವೂ ಇದೆ. ತೀವ್ರ ಗಾಯ ಮತ್ತು ರಕ್ತಸ್ರಾವವಾದವರಲ್ಲೂ ಹೀಗೆಯೇ: ರಕ್ತದೊತ್ತಡ ಕುಸಿಯುತ್ತಿರುವಾಗ ನಿದ್ದೆಯ ಔಷಧವನ್ನು ಹೆಚ್ಚಿಸಿದರೆ ಜೀವಕ್ಕೇ ಸಂಚಕಾರ, ಅಲ್ಲಿ ನಾವು ಜೀವವನ್ನೇ ಆರಿಸಿಕೊಳ್ಳುತ್ತೇವೆ.

ಪ್ರಶ್ನೆ: ಹಣೆಗೆ ಪಟ್ಟಿ ಅಂಟಿಸಿ ಮೆದುಳಿನ ಅಲೆಗಳಿಂದ ನಿದ್ದೆಯ ಆಳವನ್ನು ಸಂಖ್ಯೆಯಲ್ಲಿ ತೋರಿಸುವ ಯಂತ್ರವಿದೆಯಂತೆ. ಅದನ್ನು ಹಾಕಿದರೆ ಭಯವಿಲ್ಲವಲ್ಲವೇ? ಯಾರಿಗೂ ನೆನಪೇ ಉಳಿಯದಿದ್ದರೆ ಎಚ್ಚರವಾಗಿದ್ದರೇನು, ಇಲ್ಲದಿದ್ದರೇನು ಎಂಬುದೂ ನನ್ನ ಅನುಮಾನ.

ಉತ್ತರ: ಒಂದೇ ಪತ್ರದಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ, ಎರಡನೆಯದು ನನ್ನ ನಿದ್ದೆಯನ್ನೂ ಕೆಡಿಸಿದೆ. ಮೊದಲು ಯಂತ್ರದ ವಿಷಯ. ನೀವು ಹೇಳುತ್ತಿರುವುದು ಬಿಸ್ ಎಂದು ಕರೆಯುವ ಸೂಚ್ಯಂಕ. ಪೂರ್ಣ ಎಚ್ಚರಕ್ಕೆ ನೂರರ ಹತ್ತಿರ, ಶಸ್ತ್ರಚಿಕಿತ್ಸೆಗೆ ಬೇಕಾದ ನಿದ್ದೆಗೆ 40ರಿಂದ 60. ನಡುವೆ ಎಚ್ಚರವಾಗುವ ಅಪಾಯ ಹೆಚ್ಚಿದ್ದ 2,463 ರೋಗಿಗಳ ಮೇಲಿನ 2004ರ ಪ್ರಯೋಗದಲ್ಲಿ, ಯಂತ್ರ ಬಳಸಿದ ಗುಂಪಿನಲ್ಲಿ ಇಬ್ಬರಿಗೆ, ಬಳಸದ ಗುಂಪಿನಲ್ಲಿ ಹನ್ನೊಂದು ಮಂದಿಗೆ ಎಚ್ಚರವಾಗಿತ್ತು. ಆದರೆ ಸುಮಾರು 6,000 ರೋಗಿಗಳ 2011ರ ಇನ್ನೊಂದು ಪ್ರಯೋಗದಲ್ಲಿ, ಹೊರಬರುವ ಉಸಿರಿನಲ್ಲಿ ಅನಿಲದ ಪ್ರಮಾಣ ತಗ್ಗಿದರೆ ಗಂಟೆ ಬಾರಿಸುವ ಹಳೆಯ ಕ್ರಮವೇ ಇದಕ್ಕಿಂತ ಕಡಿಮೆಯೇನೂ ಅಲ್ಲವೆಂದು ಕಂಡಿತು: ಯಂತ್ರದ ಗುಂಪಿನಲ್ಲಿ ಏಳು, ಅನಿಲದ ಗಂಟೆಯ ಗುಂಪಿನಲ್ಲಿ ಎರಡು. ಅನಿಲ ಬಳಸುವಾಗ ಆ ಗಂಟೆ ಸಾಕೆಂಬುದು ನನ್ನ ಅಭಿಪ್ರಾಯ. ಅನಿಲವಿಲ್ಲದೆ, ರಕ್ತನಾಳದ ಮೂಲಕವೇ ಔಷಧ ಹರಿಸಿ ನಿದ್ದೆ ಕಾಯುವಾಗ ಉಸಿರಿನಲ್ಲಿ ಅಳೆಯಲು ಏನೂ ಇರುವುದಿಲ್ಲ. ಹೊದಿಕೆಯ ಕೆಳಗೆ ಸೂಜಿ ಕಳಚಿ ಔಷಧ ಹಾಸಿಗೆಗೆ ಸೋರುತ್ತಿದ್ದರೂ ತಿಳಿಯದು. ಅಲ್ಲಿ, ಅದರಲ್ಲೂ ಸಡಿಲಿಕೆಯ ಔಷಧವೂ ಜೊತೆಗಿದ್ದರೆ, ಹಣೆಯ ಪಟ್ಟಿ ಇರಲೇಬೇಕು. ಆದರೆ ಅದಕ್ಕೂ ಮಿತಿಯಿದೆ. ನಿದ್ದೆಯ ಔಷಧವಿಲ್ಲದೆ ಸಡಿಲಿಕೆಯ ಔಷಧ ಮಾತ್ರ ಪಡೆದು, ಪೂರ್ತಿ ಎಚ್ಚರದಲ್ಲಿದ್ದ ಸ್ವಯಂಸೇವಕ ವೈದ್ಯರಲ್ಲೂ ಆ ಸಂಖ್ಯೆ ನಿದ್ದೆಯ ಮಟ್ಟಕ್ಕೆ ಇಳಿದದ್ದುಂಟು. ಹಣೆಯ ಸ್ನಾಯುಗಳ ಮಿಡಿತವನ್ನೂ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು, ಅದು ನಿಂತುಹೋಯಿತು.

ಇನ್ನು ನೆನಪಿನ ಪ್ರಶ್ನೆ. 1977ರಲ್ಲಿ ಟನ್‌ಸ್ಟಾಲ್ ಎಂಬ ಅರಿವಳಿಕೆ ತಜ್ಞರು ಒಂದು ಉಪಾಯ ಮಾಡಿದರು. ಸಡಿಲಿಕೆಯ ಔಷಧ ಕೊಡುವ ಮುನ್ನ ಒಂದು ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟಿ ಬಿಗಿಯಾಗಿ ಉಬ್ಬಿಸುವುದು. ಔಷಧ ಆ ಕೈಗೆ ಇಳಿಯದು, ಕೈ ಸ್ವತಂತ್ರವಾಗಿ ಉಳಿಯುತ್ತದೆ. ಆಮೇಲೆ ಕಿವಿಯ ಬಳಿ ಬಾಗಿ, ಹೆಸರು ಹಿಡಿದು, ಕೇಳಿಸಿದರೆ ನನ್ನ ಕೈ ಹಿಸುಕಿ ಎನ್ನುವುದು. ಈ ಕ್ರಮದಲ್ಲಿ 260 ರೋಗಿಗಳನ್ನು ಕೊಳವೆ ಇಳಿಸಿದ ಮೇಲೆ ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹನ್ನೆರಡು ಮಂದಿ ಕೈ ಹಿಸುಕಿದರು. ನೋವಿದ್ದರೆ ಇನ್ನೊಮ್ಮೆ ಹಿಸುಕಿ ಎಂದಾಗ ಐವರು ಮತ್ತೆ ಹಿಸುಕಿದರು. ಶಸ್ತ್ರಚಿಕಿತ್ಸೆಯ ನಂತರ ವಿಚಾರಿಸಿದರೆ ಒಬ್ಬರಿಗೂ ಅದು ನೆನಪಿರಲಿಲ್ಲ.

ನೆನಪಿಲ್ಲವೆಂದ ಮೇಲೆ ಹಾನಿಯಿಲ್ಲ ಎನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ಆ ವಾದವನ್ನು ನಾನು ಒಪ್ಪಲಾರೆ. ಆ ಕ್ಷಣದಲ್ಲಿ ನೋವಿದೆ ಎಂದು ಕೈ ಹಿಸುಕಿದ ವ್ಯಕ್ತಿ ಆ ಕ್ಷಣದಲ್ಲಿ ಇದ್ದ. ನಾಳೆ ಅವನಿಗೆ ಅದು ನೆನಪಿರದು ಎಂಬುದು ಇಂದಿನ ನೋವಿಗೆ ಉತ್ತರವಾಗದು. ಮಿಡಜೋಲಾಮ್‌ನಂಥ ಔಷಧಗಳು ನೆನಪು ಕಟ್ಟಿಕೊಳ್ಳುವುದನ್ನು ತಡೆಯುತ್ತವೆ, ಪ್ರಜ್ಞೆಯನ್ನು ಅಷ್ಟಾಗಿ ಅಲ್ಲ. ಆದ್ದರಿಂದ ನೆನಪಳಿಸುವ ಔಷಧದ ಭರವಸೆಯ ಮೇಲೆ ನೋವಿನ ಔಷಧದಲ್ಲಿ ಜಿಪುಣತನ ತೋರಬಾರದೆಂದು ಕಿರಿಯರಿಗೆ ಹೇಳುತ್ತಿರುತ್ತೇನೆ. ಕೈ ಹಿಸುಕಿದವರು ಸುತ್ತಲ ಲೋಕವನ್ನು ನಮ್ಮ ನಿಮ್ಮಂತೆ ಅರಿಯುತ್ತಿದ್ದರೇ, ಇಲ್ಲವೇ ಮಾತಿಗೆ ಮಾತ್ರ ಸ್ಪಂದಿಸುವ ಯಾವುದೋ ನಡುವಿನ ಸ್ಥಿತಿಯಲ್ಲಿದ್ದರೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ಅವರಲ್ಲಿ ಹೆಚ್ಚಿನವರು, ಕೈ ಸ್ವತಂತ್ರವಾಗಿದ್ದರೂ, ನಾವು ಕೇಳುವವರೆಗೆ ತಾವಾಗಿ ಅದನ್ನು ಅಲುಗಿಸುವುದಿಲ್ಲ ಎಂಬುದು ಆ ಚರ್ಚೆಯ ಕುತೂಹಲದ ಎಳೆ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಅಣ್ಣನಿಗೆ ಶಸ್ತ್ರಚಿಕಿತ್ಸೆ. ಅವನು ಪ್ರತಿದಿನ ಮದ್ಯ ಕುಡಿಯುತ್ತಾನೆ, ನಿದ್ದೆ ಮಾತ್ರೆಯೂ ಇದೆ. ವೈದ್ಯರು ಕೇಳಿದರೆ ಇಲ್ಲವೆನ್ನುತ್ತಾನಂತೆ. ಹಿಂದೊಮ್ಮೆ ಆಪರೇಷನ್ ನಡುವೆ ಎಚ್ಚರವಾಗಿತ್ತು ಎಂದೂ ನಮ್ಮೊಡನೆ ಹೇಳಿದ್ದ. ನಾವೇನು ಮಾಡಬೇಕು?

ಉತ್ತರ: ದಿನವೂ ಕುಡಿಯುವವರ ಮತ್ತು ನಿದ್ದೆ ಮಾತ್ರೆಗೆ ಒಗ್ಗಿಹೋದವರ ಮೆದುಳು ಅರಿವಳಿಕೆಯ ಔಷಧಗಳಿಗೂ ಸುಲಭವಾಗಿ ಮಣಿಯದಿರಬಹುದು, ಉಳಿದವರಿಗೆ ಸಾಕಾಗುವ ಪ್ರಮಾಣ ಅವರಿಗೆ ಸಾಲದೆ ಹೋಗಬಹುದು. ಒಮ್ಮೆ ಎಚ್ಚರವಾದವರಿಗೆ ಮತ್ತೊಮ್ಮೆ ಆಗುವ ಸಂಭವವೂ ಹೆಚ್ಚು. ನಿಮ್ಮ ಅಣ್ಣ ಮುಚ್ಚಿಡಬೇಕೆಂದಿರುವ ಮದ್ಯ, ನಿದ್ದೆ ಮಾತ್ರೆ ಎರಡರ ಸಂಗತಿಯೂ ನಮಗೆ ಬೇಕಾದದ್ದು. ನಮಗೆ ಬೇಕಾಗಿರುವುದು ಎಷ್ಟು, ಎಷ್ಟು ವರ್ಷಗಳಿಂದ, ಕೊನೆಯ ಸಲ ಯಾವಾಗ ಎಂಬ ಲೆಕ್ಕವೇ ಹೊರತು ಬುದ್ಧಿವಾದ ಹೇಳುವ ಅವಕಾಶವಲ್ಲ ಎಂದು ಅಣ್ಣನಿಗೆ ತಿಳಿಸಿ. ಮನೆಯವರ ಎದುರು ಹೇಳಲು ಸಂಕೋಚವಾದರೆ ನೀವೆಲ್ಲ ಹೊರಗೆ ಹೋಗಿ, ಅವರು ಅರಿವಳಿಕೆ ತಜ್ಞರೊಡನೆ ಒಬ್ಬರೇ ಮಾತನಾಡಲಿ. ಮದ್ಯವನ್ನಾಗಲಿ ಮಾತ್ರೆಯನ್ನಾಗಲಿ ಶಸ್ತ್ರಚಿಕಿತ್ಸೆಗೆಂದು ತಾವಾಗಿ ಥಟ್ಟನೆ ನಿಲ್ಲಿಸುವುದು ಬೇಡ, ಅದರಿಂದ ಬೇರೆ ಅಪಾಯಗಳಿವೆ. ಹೇಗೆ ಇಳಿಸಬೇಕೆಂದು ವೈದ್ಯರೇ ಹೇಳುತ್ತಾರೆ. ಹಿಂದಿನ ಅನುಭವವನ್ನಂತೂ ಶಸ್ತ್ರಚಿಕಿತ್ಸೆಯ ದಿನದ ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ಹೇಳುವ ಬದಲು, ಒಂದೆರಡು ವಾರ ಮೊದಲೇ ಅರಿವಳಿಕೆ ವಿಭಾಗಕ್ಕೆ ಹೋಗಿ ಹೇಳಲಿ. ಹಳೆಯ ದಾಖಲೆ ತರಿಸಿ ನೋಡಲು ಅಷ್ಟು ಸಮಯ ಬೇಕಾಗುತ್ತದೆ.